ಟ್ವೀಟು ಹಾಕಿದರೆ ಮತಾಂತರವಾದಂತೆಯೇ?

ಸಿನಿಮಾದವರೋ ಆಟಗಾರರೋ ಧರ್ಮ ಬದಲಿಸಿದರೆಂಬ ಸುದ್ದಿ ಎಲ್ಲಾದರೂ ಬಂದರೆ ಸಾಕು, ಮುಂದಿನ ಹದಿನೈದು ದಿನ ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ಕಾಸರಗೋಡಿನಲ್ಲಿ ಆಸ್ತಿ ಮತ್ತು ಕುಟುಂಬದ ವ್ಯಾಜ್ಯಗಳನ್ನು ನಡೆಸುವವಳು ನಾನು. ಯಾರ ನಂಬಿಕೆ ಸರಿ ಎಂದು ತೀರ್ಮಾನಿಸುವುದು ನನ್ನ ಕಸುಬಲ್ಲ, ಅದಕ್ಕೆ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಗಜೆಟ್ ಎಂದರೇನು, ಅಫಿಡವಿಟ್ ಎಂದರೇನು ಎಂಬುದನ್ನೂ ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ತಮಿಳು ಸಂಗೀತ ನಿರ್ದೇಶಕ ಯುವನ್ ಶಂಕರ್ ರಾಜಾ ತಾವು ಇಸ್ಲಾಂ ಅನುಸರಿಸುತ್ತಿರುವುದನ್ನು 2014ರಲ್ಲಿ ಟ್ವಿಟರ್‌ನಲ್ಲಿ ತಿಳಿಸಿದರು. ನನ್ನ ತಮ್ಮನೂ ಫೇಸ್‌ಬುಕ್‌ನಲ್ಲಿ ಹಾಗೆಯೇ ಬರೆದುಕೊಂಡಿದ್ದಾನೆ. ಅವನು ಕಾನೂನಿನ ಪ್ರಕಾರ ಮುಸ್ಲಿಮನಾದನೇ? ಹೆಸರು ಬದಲಿಸಲೇಬೇಕೇ? ತರವಾಡಿನ (ಕೂಡುಕುಟುಂಬದ) ಆಸ್ತಿಯಲ್ಲಿ ಇನ್ನು ಅವನಿಗೆ ಪಾಲಿದೆಯೇ? (ಬದಿಯಡ್ಕ ಕಡೆಯ ಓದುಗರು)

ಉತ್ತರ: ಮೂರು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕಳುಹಿಸಿದ್ದೀರಿ, ಮೂರನೆಯದಕ್ಕಾಗಿಯೇ ಮೊದಲೆರಡನ್ನು ಕೇಳಿದ್ದೀರೆಂದು ಊಹಿಸಲು ವಕೀಲಿಕೆ ಓದಬೇಕಾಗಿಲ್ಲ.

ಬರೀ ಘೋಷಣೆ ಸಾಲದು. ತಮಿಳುನಾಡಿನಿಂದ ಬಂದ ಪೆರುಮಾಳ್ ನಾಡಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲಿಯೇ, ಹಿಂದೂ ಧರ್ಮಕ್ಕೆ ಬಂದವರ ವಿಷಯದಲ್ಲಿ, ಶುದ್ಧೀಕರಣದಂಥ ವಿಧಿ ನಡೆಯಲೇಬೇಕೆಂದಿಲ್ಲ, ಆದರೆ ಪ್ರಾಮಾಣಿಕವಾದ ಉದ್ದೇಶ ಮತ್ತು ಅದಕ್ಕೆ ತಕ್ಕ ನಡತೆ ಎರಡೂ ಕಾಣಬೇಕು ಎಂದು ಹೇಳಿತು. ನಿಮ್ಮ ತಮ್ಮನಿಗೂ ನಾನು ಅದನ್ನೇ ಹೇಳುವೆ. ಅವನು ಹೇಗೆ ಬದುಕುತ್ತಿದ್ದಾನೆ ಎಂಬುದೇ ಸಾಕ್ಷಿ. ಫೇಸ್‌ಬುಕ್ಕಿನ ಬರಹ ಹೆಚ್ಚೆಂದರೆ ಆ ಸಾಕ್ಷಿಯ ಒಂದು ತುಣುಕು.

ಹೆಸರು ಬದಲಿಸದಿದ್ದರೆ ಮತಾಂತರ ಊರ್ಜಿತವಲ್ಲ ಎಂಬುದು ಶುದ್ಧ ಸುಳ್ಳು. ನೀವೇ ಹೆಸರಿಸಿದ ಯುವನ್ ಇಂದಿಗೂ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಯುವನ್ ಶಂಕರ್ ರಾಜಾ ಆಗಿಯೇ ಇದ್ದಾರೆ. ದಿಲೀಪ್ ಕುಮಾರ್ ಆಗಿ ಹುಟ್ಟಿದ ಎ. ಆರ್. ರೆಹಮಾನ್ ಹಳೆಯ ಹೆಸರನ್ನು ಪೂರ್ತಿ ಬಿಟ್ಟರು. ಅವರು ಹೆಸರು ಮಾಡಿದ್ದು ಹೊಸ ಹೆಸರಿನಲ್ಲಿಯೇ ಆದ್ದರಿಂದ ಕೇಳುಗರಿಗೆ ತೊಡಕಾಗಲಿಲ್ಲ. ನಮ್ಮ ರಾಜ್ಯದ ಲೇಖಕಿ ಕಮಲಾ ದಾಸ್ 1999ರ ಡಿಸೆಂಬರಿನಲ್ಲಿ ಕಮಲಾ ಸುರಯ್ಯಾ ಆದರು, 2009ರಲ್ಲಿ ತೀರಿಕೊಂಡಾಗ ತಿರುವನಂತಪುರದ ಪಾಳಯಂ ಮಸೀದಿಯ ಆವರಣದಲ್ಲಿ ಅವರ ದಫನವಾಯಿತು, ಆದರೂ ಮಲಯಾಳ ಓದುಗರ ಬಾಯಲ್ಲಿ ಅವರು ಈಗಲೂ ಕಾವ್ಯನಾಮದ ಮಾಧವಿಕುಟ್ಟಿಯೇ. ಬಾಕ್ಸರ್ ಮುಹಮ್ಮದ್ ಅಲಿ ತಮ್ಮ ಹೊಸ ಹೆಸರನ್ನು 1964ರಲ್ಲಿ ಸಾರಿದ್ದರು; ಏಳು ವರ್ಷಗಳ ಬಳಿಕ, 1971ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದ ಮೊಕದ್ದಮೆಯ ಶೀರ್ಷಿಕೆಯಲ್ಲಿ ಮಾತ್ರ ಹಳೆಯ ಹೆಸರಾದ 'ಕ್ಲೇ' ಎಂದೇ ಇದೆ. ಜಗತ್ತೆಲ್ಲ ಅಲಿ ಎನ್ನುತ್ತಿದ್ದಾಗಲೂ ಕಡತ ಕ್ಲೇ ಎನ್ನುತ್ತಿತ್ತು, ಮತ್ತು ನಿಮ್ಮ ತಮ್ಮ ಏಗಬೇಕಾಗಿರುವುದು ಜಗತ್ತಿನೊಡನೆಯಲ್ಲ, ಕಡತದೊಡನೆ.

ಕೆಲವು ಕಾಲದ ಹಿಂದೆ ಪೆರ್ಲ ಕಡೆಯ ಹುಡುಗನೊಬ್ಬ ಗಲ್ಫ್ ವೀಸಾಕ್ಕೆ ಅಡ್ಡಿಯಾಯಿತೆಂದು ನನ್ನಲ್ಲಿಗೆ ಬಂದಿದ್ದ. ಅವನ ಪ್ಲಾಸ್ಟಿಕ್ ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಪುಸ್ತಕ ಹಳೆಯ ಹೆಸರಿನಲ್ಲಿತ್ತು, ಆಧಾರ್ 'ಮುಹಮ್ಮದ್' ಎನ್ನುತ್ತಿತ್ತು, ಬ್ಯಾಂಕಿನ ಪಾಸ್‌ಬುಕ್ 'ಮೊಹಮ್ಮದ್' ಎನ್ನುತ್ತಿತ್ತು, ರೇಷನ್ ಕಾರ್ಡಿನಲ್ಲಿ ಅಪ್ಪ ಇಟ್ಟ ಕನ್ನಡದ ಹೆಸರೇ ಮಲಯಾಳ ಲಿಪಿಗೆ ಹೋಗುವಾಗ ಒಂದು ದೀರ್ಘವನ್ನು ಕಳೆದುಕೊಂಡು ಕುಳಿತಿತ್ತು. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಸಿಗುವ ಎರಡು ಅವಕಾಶಗಳನ್ನೂ, 'ಎಲ್ಲ ಪ್ಯಾಕೇಜ್' ಎಂದು ದುಡ್ಡು ಪಡೆದ ದಲ್ಲಾಳಿ ಕಾಗುಣಿತಕ್ಕೇ ಮುಗಿಸಿದ್ದ. ಇಂಥವರ ಬಳಿಗೆ ದಯವಿಟ್ಟು ಹೋಗಬೇಡಿ. ಹೆಸರು ಬದಲಿಸುವುದೇ ಆದರೆ ಮೊದಲು ಕೇರಳ ಗಜೆಟ್ ಆಗಲಿ, ಅದರಲ್ಲಿ ಮುದ್ರಿತವಾದ ಅಕ್ಷರಗಳೇ ಉಳಿದೆಲ್ಲ ದಾಖಲೆಗಳಿಗೆ ಹೋಗಲಿ, ಹಳೆಯ ಕಾಗದಗಳನ್ನು ರೋಷದಿಂದ ಹರಿದು ಹಾಕುವುದು ಬೇಡ. ಶಾಲಾ ದಾಖಲೆಯಲ್ಲಿ ಧರ್ಮವನ್ನು ತಿದ್ದಲು ಪ್ರತ್ಯೇಕ ನಿಯಮವಿಲ್ಲ ಎಂಬ ಕಾರಣಕ್ಕೆ ಒಬ್ಬರನ್ನು ಹುಟ್ಟಿದ ಧರ್ಮಕ್ಕೆ ಕಟ್ಟಿಹಾಕುವಂತಿಲ್ಲ ಎಂದು ಕೇರಳ ಹೈಕೋರ್ಟ್ ಹೇಳಿರುವುದರಿಂದ, ಕಚೇರಿಯವರು ಆಗುವುದಿಲ್ಲ ಎಂದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಇನ್ನು ಪಾಲು. ತಾಯಿಯ ಕಡೆಯಿಂದ ಹಕ್ಕು ಹರಿಯುವ ಅಳಿಯಸಂತಾನವಿರಲಿ, ತಂದೆಯ ಕಡೆಯಿಂದ ಹರಿಯುವ ಮಕ್ಕಳಸಂತಾನವಿರಲಿ, ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ 1976ರ ಡಿಸೆಂಬರ್ 1ರಂದೇ ರದ್ದಾಗಿದೆ; ಅಂದು ಇದ್ದ ಸದಸ್ಯರು ಪಾಲು ಮಾಡಿಕೊಂಡಿದ್ದಾರೆಂದೇ ಕಾನೂನು ಭಾವಿಸುತ್ತದೆ. ಆದ್ದರಿಂದ ಈಗ ಉಳಿದಿರುವುದು ತಂದೆತಾಯಿಯರ ಹಕ್ಕಿನಿಂದ ಇಳಿದು ಬರುವ ಆಸ್ತಿಯ ಪ್ರಶ್ನೆ. ಅವರು ವಿಲ್ ಬರೆಯದೆ ತೀರಿಕೊಂಡರೆ ಮತಾಂತರವಾದ ಮಗನ ಪಾಲು ಹೋಗುವುದಿಲ್ಲ. ಹೋಗುವುದು ಮುಂದಿನ ತಲೆಮಾರಿನದು: ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ, ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಅವರು ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿ ಉತ್ತರಾಧಿಕಾರವಾಗಿ ಬರುವುದಿಲ್ಲ. ಅಜ್ಜ ಮೊಮ್ಮಗನಿಗೆ ಕೊಡಬೇಕೆಂದಿದ್ದರೆ ವಿಲ್ ಬರೆಯಬೇಕು, ಮತ್ತು ಅದನ್ನು ನೋಂದಣಿ ಮಾಡಿಸುವುದು ಒಳ್ಳೆಯದು. ತಮ್ಮನನ್ನು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವಂತೆ ಹೆದರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಂಥ ಪತ್ರಗಳನ್ನು ನಾನು ನ್ಯಾಯಾಲಯದಲ್ಲಿ ಬೀಳಿಸಿದ್ದೇನೆ.

ಪ್ರಶ್ನೆ: ಯೇಸುದಾಸ್ ಹಿಂದೂ ಧರ್ಮಕ್ಕೆ ಸೇರಿದರೆಂಬುದು ನಿಜವೇ?

ಉತ್ತರ: ಹುಟ್ಟುಹಬ್ಬದಂದು ಕೊಲ್ಲೂರಿನಲ್ಲಿ ಹಾಡುವುದಕ್ಕೆ ಕಾನೂನಿನಲ್ಲಿ ಮತಾಂತರ ಎಂಬ ಹೆಸರಿಲ್ಲ.

ಪ್ರಶ್ನೆ: ಎರಡನೆಯ ಮದುವೆಗಾಗಿ ದೊಡ್ಡವರು ಮತಾಂತರವಾಗುತ್ತಾರಂತೆ. ಹೆಂಡತಿ ವಿಚ್ಛೇದನ ಕೊಡದಿದ್ದರೆ ನನಗೂ ಅದೇ ದಾರಿಯೇ?

ಉತ್ತರ: ಅದು ಜೈಲಿನ ದಾರಿ. ಮೊದಲ ಮದುವೆ ಊರ್ಜಿತವಿರುವಾಗ ಹಾಗೆ ಮಾಡಿಕೊಂಡ ಮದುವೆ ಅಸಿಂಧು, ಅದು ದ್ವಿಪತ್ನಿತ್ವದ ಅಪರಾಧ ಎಂದು ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಮೇಲಾಗಿ, ನೀವು ಮತಾಂತರವಾದರೆ ಅದನ್ನೇ ಕಾರಣವಾಗಿಟ್ಟು ವಿಚ್ಛೇದನ ಕೇಳುವ ಹಕ್ಕು ಸಿಗುವುದು ನಿಮ್ಮ ಹೆಂಡತಿಗೆ, ನಿಮಗಲ್ಲ.

ಪ್ರಶ್ನೆ: ಚರ್ಚಿಗೆ ಸೇರಿದ ಮೇಲೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಇಟ್ಟುಕೊಳ್ಳಬಹುದೇ?

ಉತ್ತರ: ಇಲ್ಲ. ಪರಿಶಿಷ್ಟ ಜಾತಿಗಳನ್ನು ಪಟ್ಟಿ ಮಾಡುವ 1950ರ ಆದೇಶ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಅನ್ವಯಿಸುತ್ತದೆ. ಇದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ, ನನಗೂ ಅನುಮಾನಗಳಿವೆ. ಆದರೆ ನಂಬಿಕೆ ಒಂದು ಕಡೆ, ಪ್ರಮಾಣಪತ್ರ ಇನ್ನೊಂದು ಕಡೆ ಇಟ್ಟುಕೊಂಡು ಉದ್ಯೋಗ ಕೇಳುವುದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಸಂವಿಧಾನಕ್ಕೆ ಮಾಡುವ ವಂಚನೆ ಎಂದಿದೆ. ಕೊರಗರಂಥ ಪರಿಶಿಷ್ಟ ಪಂಗಡದವರ ಆದೇಶದಲ್ಲಿ ಧರ್ಮದ ಈ ಷರತ್ತಿಲ್ಲ.

ಪ್ರಶ್ನೆ: ಮತಾಂತರವಾದರೆ ಕನ್ನಡ ಭಾಷಾ ಅಲ್ಪಸಂಖ್ಯಾತರ ಸವಲತ್ತು ತಪ್ಪುತ್ತದೆಯೇ?

ಉತ್ತರ: ಮಂಜೇಶ್ವರದಲ್ಲಿ ಬೆಳಗ್ಗೆ ಕನ್ನಡ ಶಾಲೆಗೆ ಹೋಗುವ ಬ್ಯಾರಿ ಮಕ್ಕಳನ್ನು ದಿನವೂ ನೋಡುತ್ತ ಈ ಪ್ರಶ್ನೆ ಕೇಳಿದ್ದೀರಾ?