ಪರೇಡ್ ಅಂದರೆ ನಡೆಯುವುದಾ, ನಿಲ್ಲುವುದಾ?

ನಮಸ್ಕಾರ. 'ಪರೇಡ್' ಪದದ ಮೂಲದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆ ಸಲೀಸಾಗಿದೆ. ಕುದುರೆ ಸವಾರರ ಮೆರವಣಿಗೆಯಾದ 'ಕ್ಯಾವಲ್ಕೇಡ್'ನ ಬಾಲ ಕತ್ತರಿಸಿ ಮೋಟರ್‌ಗೆ ಅಂಟಿಸಿ 'ಮೋಟರ್‌ಕೇಡ್' ಮಾಡಿದರು ಅಂತ ಬರೆದಿದ್ದೀರಲ್ಲ, ಅಲ್ಲಿ ನಕ್ಕೆ. ಹೊಗಳಿಕೆ ಇಷ್ಟು ಸಾಕು. ನನ್ನ ತಲೆ ಕೆಡಿಸಿದ್ದು ಎರಡನೇ ಪ್ಯಾರಾ.

ಅದರ ಮೊದಲ ಸಾಲು: "ಸೈನಿಕರು ಸಮಾನಾಂತರ ಸಾಲುಗಳಲ್ಲಿ ಸಾಗುವುದರಿಂದ ಪ್ಯಾರಲಲ್ ಎಂಬ ಪದದಿಂದ ಪರೇಡ್ ಹುಟ್ಟಿತು ಎಂದು ಹೇಳಲಾಗುತ್ತದೆ." ಯಾರು ಹೇಳಿದ್ದು? ಕೇಳಲು ಚೆಂದ, ಅಷ್ಟೇ. ಪ್ಯಾರಲಲ್ ಗ್ರೀಕ್ ಪದ, ಅಲ್ಲಿನ 'ಪಾರಾ' ಅಂದರೆ ಪಕ್ಕದಲ್ಲಿ. ಪರೇಡ್‌ನ ಬೇರು ಲ್ಯಾಟಿನ್ನಿನ 'ಪರಾರೆ', ಅಂದರೆ ಸಿದ್ಧ ಮಾಡು, ಅಣಿಗೊಳಿಸು. (ನಮ್ಮ 'ಪರಾರಿ'ಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಆ ಕಡೆ ಹೋಗಬೇಡಿ.)

ಎರಡನೇ ಸಾಲು: "ಪ್ಯಾರಾಗ್ರಾಫ್, ಪ್ಯಾರಾಸೋಲ್, ಪ್ಯಾರಾಚೂಟ್ ಎಲ್ಲವೂ ಇದೇ ಕುಟುಂಬಕ್ಕೆ ಸೇರಿವೆ ಎನ್ನಲಾಗಿದೆ." ಪ್ಯಾರಾಗ್ರಾಫ್ ಗ್ರೀಕ್ ಕಡೆಯದು, ತೆಗೆಯಿರಿ. ಆದರೆ ಉಳಿದೆರಡು ನಿಜವಾಗಿಯೂ ಪರೇಡ್‌ನ ನೆಂಟರು! 'ಪರಾರೆ' ಇಟಾಲಿಯನ್, ಫ್ರೆಂಚ್‌ಗಳಿಗೆ ಬಂದಾಗ 'ತಡೆ' ಅನ್ನುವ ಅರ್ಥವೂ ಸೇರಿಕೊಂಡಿತು. ಬಿಸಿಲು ತಡೆಯುವುದು ಪ್ಯಾರಾಸೋಲ್, ಬೀಳುವುದನ್ನು ತಡೆಯುವುದು ಪ್ಯಾರಾಚೂಟ್, ಕತ್ತಿವರಸೆಯಲ್ಲಿ ಎದುರಾಳಿಯ ಏಟು ತಡೆಯುವುದನ್ನು 'ಪ್ಯಾರಿ' ಅನ್ನುತ್ತಾರಲ್ಲ, ಅದೂ ಇದೇ ಮನೆಯದು. ಇದನ್ನು ಬಿಡಿಸಿ ಹೇಳಬೇಕಿತ್ತು. ನೀವು ಸುಮ್ನೆ ಹಾಜರಿ ಕೂಗಿ ಹೊರಟುಬಿಟ್ಟಿರಿ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ಪತ್ರಿಕೆಯಲ್ಲಿ, ಕರಡು ತಿದ್ದುತ್ತಾ. ಅಲ್ಲಿದ್ದ ಹಿರಿಯರೊಬ್ಬರಿಗೆ 'ಎನ್ನಲಾಗಿದೆ', 'ನಂಬಲಾಗಿದೆ' ಕಂಡರೆ ಆಗುತ್ತಿರಲಿಲ್ಲ. ಅವು ಇದ್ದ ಕಡೆಯೆಲ್ಲ ಅಂಚಿನಲ್ಲಿ 'ಯಾರಿಂದ?' ಅಂತ ಬರೆದು ಹಾಳೆಯನ್ನು ನನ್ನ ಕಡೆ ತಳ್ಳುತ್ತಿದ್ದರು. ಉತ್ತರ ಹುಡುಕುವುದು ನನ್ನ ಪಾಲಿನ ಕೆಲಸ. ನಿಘಂಟು ತಿರುವಿ, ಲೇಖಕರಿಗೆ ಕಾಗದ ಬರೆದು, ಅವರ ಮರು ಕಾಗದಕ್ಕೆ ಕಾದು ನೋಡಿದರೆ ಎಷ್ಟೋ ಸಲ ಯಾರೂ ಏನೂ ಹೇಳಿರುತ್ತಿರಲಿಲ್ಲ. ಆಗ ಆ ಸಾಲಿಗೆ ಕೆಂಪು ಗೀಟು. ಇವರದ್ದು ಜಾಸ್ತಿಯಾಯಿತು ಅಂತ ಆಗ ಗೊಣಗುತ್ತಿದ್ದೆ. ನಿಮ್ಮ ಲೇಖನ ಓದುವಾಗ ಅದೇ ಸಿಟ್ಟು ನನಗೂ ಬಂತು.

ಈಗ ಮೂರನೇ ಸಾಲು: "ಸ್ಪ್ಯಾನಿಷ್‌ನಲ್ಲಿ ಪರಾದಾ ಎಂದರೆ ನಿಲುಗಡೆ ಎಂಬ ಅರ್ಥವೂ ಇದೆ." ಇಷ್ಟು ಹೇಳಿ ಮುಂದಿನ ವಿಷಯಕ್ಕೆ ಜಿಗಿದಿದ್ದೀರಿ. ಅಯ್ಯೋ, ಇಡೀ ಲೇಖನ ಇರುವುದೇ ಇಲ್ಲಿ! ಸ್ಪೇನಿನಲ್ಲಿ ಬಸ್ ಸ್ಟಾಪ್‌ಗೆ ಇವತ್ತಿಗೂ ಪರಾದಾ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ಹಿಂದೆ ಈ ಪದಕ್ಕೆ ಸವಾರ ಕುದುರೆಯನ್ನು ತಡೆದು ನಿಲ್ಲಿಸುವುದು ಅನ್ನುವ ಅರ್ಥವೂ ಇತ್ತು. 1650ರ ದಶಕದಲ್ಲಿ ಇಂಗ್ಲಿಷ್‌ಗೆ ಬಂದಾಗ ಅದರ ಅರ್ಥ ಜಂಬದ ಪ್ರದರ್ಶನ, ಜೊತೆಗೆ ತಪಾಸಣೆಗಾಗಿ ಸೈನಿಕರನ್ನು ಸಾಲಾಗಿ ನಿಲ್ಲಿಸುವುದು. ಜನ ಬೀದಿಯಲ್ಲಿ ಸಾಗುವ ಮೆರವಣಿಗೆ ಅನ್ನುವ ಅರ್ಥ ಆಮೇಲಿನದು. ಅಮೆರಿಕದ ಸೈನ್ಯದಲ್ಲಿ 'ಪರೇಡ್ ರೆಸ್ಟ್' ಅಂತ ಆಜ್ಞೆ ಕೊಟ್ಟರೆ ಸೈನಿಕ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ, ಅಲುಗಾಡದೆ ನಿಲ್ಲುತ್ತಾನೆ. ನಿಲ್ಲುವ ಪದ ನಡೆಯಲು ಶುರು ಮಾಡಿದ್ದು ಹೇಗೆ ಅಂತ ನಿಮಗೆ ಕುತೂಹಲವೇ ಆಗಲಿಲ್ವಾ?

ಫ್ರೆಂಚರು ಈ ಪದವನ್ನು ತಾವೇ ಕಟ್ಟಿಕೊಂಡರೋ, ಸ್ಪೇನಿನಿಂದಲೋ ಇಟಲಿಯಿಂದಲೋ ತಂದರೋ ಅನ್ನುವುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅದನ್ನು ಹಾಗೇ ಬರೆಯಿರಿ. 'ಹೇಳಲಾಗುತ್ತದೆ' ಹಾಕಿ ಮುಚ್ಚಬೇಡಿ.

ಪ್ಯಾರಲಲ್ ಕತೆ ಪೂರ್ತಿ ತೆಗೆದು, ಪರಾದಾದಿಂದ ಶುರು ಮಾಡಿ ಇನ್ನೊಮ್ಮೆ ಕಳಿಸಿ. ಅರ್ಧ ಪುಟಕ್ಕೆ ಇಳಿದರೂ ಪರವಾಗಿಲ್ಲ. ಮುಂದಿನ ಸಂಚಿಕೆಗೆ ಆಗದಿದ್ದರೆ ಅದರ ಮುಂದಿನದಕ್ಕೆ ನೋಡೋಣ.