ಚಿಲಕ ಕಳೆದುಹೋಗಿಲ್ಲ

ಪ್ರಶ್ನೆ: ಕೆಲಸಕ್ಕೆಂದು ಹೊರದೇಶಕ್ಕೆ ಬಂದು ನಾಲ್ಕು ವರ್ಷವಾಯಿತು. ಇಡೀ ದಿನ ಇಲ್ಲಿನ ಭಾಷೆ, ಇಲ್ಲವೇ ಇಂಗ್ಲಿಷ್. ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ 'ಚಿಲಕ' ಅನ್ನುವ ಪದವೇ ಬಾಯಿಗೆ ಬರಲಿಲ್ಲ. ಅಕ್ಕ ಹೇಳಿಕೊಟ್ಟು ನಕ್ಕಳು. ಅವತ್ತಿನಿಂದ ಫೋನು ಬೇಗ ಇಟ್ಟುಬಿಡುತ್ತೇನೆ. ಕನ್ನಡ ಕಾದಂಬರಿ ಹಿಡಿದರೆ ಎರಡು ಪುಟಕ್ಕೇ ನಿದ್ದೆ. ಮೂರು ತಿಂಗಳಲ್ಲಿ ಇಲ್ಲಿನ ಭಾಷಾ ಪರೀಕ್ಷೆ ಬೇರೆ ಇದೆ. ಕನ್ನಡ ಓದು ಬಿಟ್ಟು ಅದಕ್ಕೇ ಕೂರಲೇ?

ಉತ್ತರ: ಅಕ್ಕ 'ಚಿಲಕ' ಅಂದ ಕೂಡಲೇ ನಿಮಗೆ ಗೊತ್ತಾಯಿತು, ಅಲ್ವಾ? ಹಾಗಿದ್ದರೆ ಪದ ಎಲ್ಲೂ ಹೋಗಿಲ್ಲ. ಕೇಳಿ ಗುರುತು ಹಿಡಿಯುವುದು ಬೇರೆ, ಬೇಕೆಂದಾಗ ಬಾಯಿಗೆ ತಂದುಕೊಳ್ಳುವುದು ಬೇರೆ. ಮೊದಲು ಮಂಕಾಗುವುದು ಎರಡನೆಯದು. ದಿನವಿಡೀ ಇನ್ನೊಂದು ಭಾಷೆ ಆಡುವಾಗ ಮಿದುಳು ಕನ್ನಡವನ್ನು ಬದಿಗೆ ಒತ್ತಿಟ್ಟಿರುತ್ತದೆ. ಕರೆದ ತಕ್ಷಣ ಅದು ಎದ್ದು ಬರುವುದಿಲ್ಲ. ತೀರಾ ಚಿಕ್ಕಂದಿನಲ್ಲಿ ದೇಶ ಬಿಟ್ಟ ಮಕ್ಕಳು ತಾಯ್ನುಡಿಯನ್ನೇ ಮರೆತದ್ದುಂಟು. ಬೆಳೆದ ಮೇಲೆ ಹೋದವರಿಗೆ ಹಾಗಾಗುವುದು ಬಲು ಅಪರೂಪ.

ನನಗೆ ಚಿಂತೆ ಕಾದಂಬರಿಯದ್ದಲ್ಲ. ಫೋನು ಬೇಗ ಇಡುತ್ತೇನೆ ಎಂದಿರಲ್ಲ, ಅದರದ್ದು. ತಡವರಿಸುತ್ತೇನೆಂದು ಮಾತು ಕಡಿಮೆ ಮಾಡಿದರೆ ಇನ್ನೂ ಜಾಸ್ತಿ ತಡವರಿಸುತ್ತೀರಿ. ಅಕ್ಕ ನಗಲಿ ಬಿಡಿ. "ಬಾಗಿಲಿಗೆ ಒಳಗಿಂದ ಹಾಕ್ತೀವಲ್ಲ, ಅದು" ಅಂತ ಸುತ್ತಿಬಳಸಿಯಾದರೂ ಹೇಳಿ, ಸುಮ್ನೆ ಇಂಗ್ಲಿಷ್ ಪದ ತುರುಕಿ ದಾಟಿಕೊಳ್ಳಬೇಡಿ. ಒದ್ದಾಡಿ ಹುಡುಕಿದ ಪದ ಮುಂದಿನ ಸಲ ಬೇಗ ಸಿಗುತ್ತದೆ.

ನಿದ್ದೆ ಬರುತ್ತಿರುವುದು ದಣಿವಿಗೆ. ಕಲಿತ ಭಾಷೆಯಲ್ಲಿ ಎಂಟು ಗಂಟೆ ಕೇಳಿ, ಓದಿ, ಉತ್ತರ ಕೊಟ್ಟು ಬಂದ ತಲೆ ಅದು. ದಪ್ಪ ಕಾದಂಬರಿಯನ್ನು ಸದ್ಯಕ್ಕೆ ಕಪಾಟಿಗೆ ಸೇರಿಸಿ. (ನನ್ನ ದಿಂಬಿನ ಪಕ್ಕದ ಪುಸ್ತಕವೊಂದು ಎರಡು ವರ್ಷದಿಂದ 23ನೇ ಪುಟದಲ್ಲೇ ಇದೆ. ನಾನಂತೂ ಯಾವ ದೇಶಕ್ಕೂ ಹೋಗಿಲ್ಲ!)

ಪರೀಕ್ಷೆಗೆ ಖಂಡಿತ ಓದಿ. ಆದರೆ ಅಲ್ಲೂ ತೂಕದ ಪುಸ್ತಕ ಹಿಡಿಯಬೇಡಿ. ಒಂದು ಪುಟ ತೆಗೆದು 100 ಪದ ಎಣಿಸಿ. ಗೊತ್ತಿಲ್ಲದವು ಎರಡಕ್ಕಿಂತ ಜಾಸ್ತಿ ಇದ್ದರೆ ನಿಘಂಟಿಲ್ಲದೆ ಆರಾಮಾಗಿ ಓದುವುದು ಕಷ್ಟ. ಮಕ್ಕಳ ಪುಸ್ತಕವಾದರೂ ಸರಿ, ನಾಚಿಕೆ ಬೇಡ.

ಕನ್ನಡಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ರಾತ್ರಿ ಬೇಡ, ಬೆಳಗ್ಗೆ. ಸಣ್ಣ ಕತೆಯ ಒಂದು ಪುಟ, ಜೋರಾಗಿ. ರಜೆಯ ದಿನ ಅದೇ ಪುಟವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿ. ಎಡವಿದರೆ ತಿದ್ದುವುದಕ್ಕೆ ಅಕ್ಕ ಹೇಗೂ ಇದ್ದಾರಲ್ಲ.