ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಹಳೆಯ ಕೋಚ್‌ಗಳಲ್ಲಿ ಯಾರ ಬಗ್ಗೆ ತಿಳಿದುಕೊಳ್ಳಬೇಕು?

ಒಬ್ಬರನ್ನೇ ಹೇಳಬೇಕು ಅಂದರೆ, ನಾನು ಅಮೋಸ್ ಅಲೊಂಜೊ ಸ್ಟ್ಯಾಗ್ ಅವರ ಹೆಸರು ಹೇಳ್ತೀನಿ. ಪಾಪ್ ವಾರ್ನರ್, ಜಾನ್ ಹೈಸ್ಮನ್ ಕೂಡ ದೊಡ್ಡವರೇ. ಆದರೆ ಕೋಚ್‌ಗೆ ಕಾಲೇಜಿನಲ್ಲಿ ಮೇಷ್ಟರ ಸ್ಥಾನ ಸಿಗುವ ಹಾಗೆ ಮಾಡಿದವರಲ್ಲಿ ಸ್ಟ್ಯಾಗ್ ಮೊದಲಿಗರು. ಅಂದ ಹಾಗೆ, ಇದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ.

ಸ್ಟ್ಯಾಗ್ ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ಬಡ ಮನೆಯೊಂದರಲ್ಲಿ. ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಪಾದ್ರಿಯಾಗೋಣ ಅಂತ. ಅಲ್ಲಿ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಆಗಿ ಹೆಸರು ಮಾಡಿದರು. 1889ರ ಮೊಟ್ಟಮೊದಲ ಆಲ್-ಅಮೆರಿಕ ಫುಟ್‌ಬಾಲ್ ತಂಡದಲ್ಲೂ, ಅಂದರೆ ಆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರರ ಪಟ್ಟಿಯಲ್ಲೂ ಇದ್ದರು. ಆದರೆ ವೇದಿಕೆ ಹತ್ತಿ ಮಾತಾಡುವುದು ಅವರಿಗೆ ಒಗ್ಗಲಿಲ್ಲ. ಹುಡುಗರನ್ನು ತಿದ್ದುವ ಕೆಲಸವನ್ನು ಮೈದಾನದಲ್ಲೇ ಮಾಡೋಣ ಅಂತ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆ ಸೇರಿದರು. ಬಾಸ್ಕೆಟ್‌ಬಾಲ್ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಅಲ್ಲಿ ಇವರ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. 1892ರ ಮಾರ್ಚ್‌ನಲ್ಲಿ ಜನರೆದುರು ನಡೆದ ಮೊದಲ ಬಾಸ್ಕೆಟ್‌ಬಾಲ್ ಆಟದಲ್ಲಿ ಮೇಷ್ಟರು ವಿದ್ಯಾರ್ಥಿಗಳಿಗೆ 5-1ರಿಂದ ಸೋತರು. ಆ ಒಂದನ್ನು ಹಾಕಿದ್ದು ಸ್ಟ್ಯಾಗ್!

ಅದೇ ವರ್ಷ ಶಿಕಾಗೋ ವಿಶ್ವವಿದ್ಯಾಲಯ ಶುರುವಾಯಿತು. ಅದರ ಅಧ್ಯಕ್ಷ ವಿಲಿಯಂ ಹಾರ್ಪರ್ ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಪಾಠ ಮಾಡಿದ್ದವರು. ಅವರು ಸ್ಟ್ಯಾಗ್‌ರನ್ನು ಕರೆದು ಅಸೋಸಿಯೇಟ್ ಪ್ರೊಫೆಸರ್ ಹುದ್ದೆಯನ್ನೇ ಕೊಟ್ಟರು. ಆಗ ಎಷ್ಟೋ ಕಾಲೇಜುಗಳಲ್ಲಿ ಹಳೆಯ ಆಟಗಾರರು ಒಂದು ಸೀಸನ್‌ಗೆ ಬಂದು ಕಲಿಸಿ ಹೋಗುತ್ತಿದ್ದರು. ಸ್ಟ್ಯಾಗ್ ಶಿಕಾಗೋದಲ್ಲಿ 41 ಸೀಸನ್ ನಿಂತರು. ಮೊದಲ ವರ್ಷ ಆಟಗಾರರು ಸಾಲದೆ ತಾವೇ ಮೈದಾನಕ್ಕೆ ಇಳಿದಿದ್ದರು.

ಒಂದೇ ಪಂದ್ಯ ನೋಡುವ ಅವಕಾಶ ಸಿಕ್ಕರೆ ನಾನು 1905ರದ್ದನ್ನು ಆರಿಸ್ತೀನಿ. ಮಿಶಿಗನ್ ತಂಡ 56 ಪಂದ್ಯಗಳಿಂದ ಸೋತಿರಲಿಲ್ಲ. ಶಿಕಾಗೋದ ವಾಲ್ಟರ್ ಎಕರ್ಸಾಲ್ ಒದ್ದ ಚೆಂಡು ಮಿಶಿಗನ್ನಿನ ಗೋಲ್ ಗೆರೆಯ ಹಿಂದೆ ಹೋಯಿತು. ಡೆನಿ ಕ್ಲಾರ್ಕ್ ಅದನ್ನು ಹಿಡಿದು, ಅಲ್ಲೇ ನಿಲ್ಲದೆ ಮುಂದಕ್ಕೆ ಓಡಿದರು. ಶಿಕಾಗೋ ಆಟಗಾರರು ಅವರನ್ನು ಗೆರೆಯ ಹಿಂದಕ್ಕೇ ಕೆಡವಿದರು. ಅದಕ್ಕೆ ಶಿಕಾಗೋಗೆ 2 ಅಂಕ. ಪಂದ್ಯ ಮುಗಿದಿದ್ದೂ 2-0ಗೇ.

ಆದರೆ ಒಂದು ಮಾತು ಹೇಳಲೇಬೇಕು. ಈ ಎಕರ್ಸಾಲ್ ಡಿಗ್ರಿ ಪಡೆಯದೇ ಹೊರಬಂದರು. ಆಟ ಶೀಲ ಕಲಿಸುತ್ತೆ ಅಂತ ನಂಬಿದ್ದ ಸ್ಟ್ಯಾಗ್ ಅವರೇ ಗೆಲುವು, ಟಿಕೆಟ್, ದೊಡ್ಡ ಸ್ಟೇಡಿಯಂ ಇವನ್ನೆಲ್ಲ ಬೆಳೆಸಿದರು. ಹುಡುಗರ ಓದು ಹಿಂದೆ ಬಿತ್ತು. ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಕೊರತೆ ಇದು. 1939ರ ಕೊನೆಗೆ ಆ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ನಿಲ್ಲಿಸಿತು. ಸ್ಟ್ಯಾಗ್ ಹೆಸರಿನ ಮೈದಾನದ ಗ್ಯಾಲರಿ ಕೆಳಗೆ 1942ರಲ್ಲಿ ವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು.

ಇದಕ್ಕೆಲ್ಲ ಮೊದಲೇ, 70 ತುಂಬಿದಾಗ, ಶಿಕಾಗೋ ಸ್ಟ್ಯಾಗ್‌ರನ್ನು ನಿವೃತ್ತಿ ಮಾಡಿಸಿತ್ತು. ಅವರು ಸುಮ್ನೆ ಮನೇಲಿ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದ ಪೆಸಿಫಿಕ್‌ಗೆ ಕೋಚ್ ಆಗಿ ಹೋದರು. 1943ರಲ್ಲಿ, 81ನೇ ವಯಸ್ಸಿನಲ್ಲಿ, ವರ್ಷದ ಕೋಚ್ ಪ್ರಶಸ್ತಿ ಬಂತು. ಆಮೇಲೆ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ವಿಶ್ವವಿದ್ಯಾಲಯದಲ್ಲಿ ಮಗನ ಜೊತೆ ಸೇರಿ ತಂಡ ನೋಡಿಕೊಂಡರು. 90 ದಾಟಿದ ಮೇಲೂ ಸ್ಟಾಕ್ಟನ್‌ನಲ್ಲಿ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸುತ್ತಿದ್ದರು. 1965ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಅತಿ ಹೆಚ್ಚು ಪಂದ್ಯ ಗೆದ್ದ ಅವರ ದಾಖಲೆಯನ್ನು ಅಲಬಾಮಾದ ಕೋಚ್ ಬೇರ್ ಬ್ರಯಂಟ್ ಮುರಿದಿದ್ದು 1981ರಲ್ಲಿ.